ನಮಗೆಷ್ಟು ಗೊತ್ತಿಲ್ಲ? ಕುಕ್ಕರ್ ಮುಂದಿಟ್ಟುಕೊಂಡು ನೋಡಿ

ದಿನವೂ ಬಳಸುವ ವಸ್ತು ಚೆನ್ನಾಗಿ ಗೊತ್ತು ಅಂದುಕೊಂಡಿರುತ್ತೇವೆ. ರೂಢಿಯನ್ನೇ ತಿಳಿವಳಿಕೆ ಎಂದು ಎಣಿಸುವುದರಿಂದ ಹೀಗಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೊಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನ ಜಿಪ್, ಹೊಲಿಗೆ ಯಂತ್ರದಂಥವುಗಳ ಬಗ್ಗೆ ತಮ್ಮ ತಿಳಿವಳಿಕೆಗೆ 1ರಿಂದ 7ರವರೆಗೆ ಅಂಕ ಹಾಕಿಕೊಂಡರು. ಅವು ಕೆಲಸ ಮಾಡುವ ಬಗೆಯನ್ನು ಹಂತಹಂತವಾಗಿ ಬರೆಯಬೇಕಾಗಿ ಬಂದ ಮೇಲೆ ತಾವೇ ಅಂಕ ಇಳಿಸಿಕೊಂಡರು. ಮನೆಯಲ್ಲಿ ಇದನ್ನು ಮಾಡಲು ಒಂದು ಹಾಳೆ, ಪೆನ್ನು, 20 ನಿಮಿಷ ಸಾಕು.

ಪ್ರೆಷರ್ ಕುಕ್ಕರ್ ತೆಗೆದುಕೊಳ್ಳಿ. ಮೊದಲು ಅಂಕ ಬರೆದುಬಿಡಿ. ಮನಸ್ಸಿನಲ್ಲೇ ಇಟ್ಟುಕೊಂಡರೆ ಆಮೇಲೆ ಗೊತ್ತಿಲ್ಲದಂತೆ ತಿದ್ದಿಕೊಳ್ಳುತ್ತೀರಿ. ಮೊಬೈಲ್ ದೂರವಿಡಿ. ಬೇಳೆ ಇದರಲ್ಲಿ ಬೇಗ ಬೇಯುವುದೇಕೆಂದು ಬರೆಯಿರಿ. “ಒಳಗೆ ಪ್ರೆಷರ್ ಆಗುತ್ತೆ, ಅದಕ್ಕೆ” ಎಂಬಲ್ಲಿ ಪೆನ್ನು ನಿಂತರೆ ‘ಪ್ರೆಷರ್’ ಕೆಳಗೆ ಗೆರೆ ಎಳೆಯಿರಿ. ಅಲ್ಲಿ ಹೆಸರು ಗೊತ್ತು, ಕಾರಣ ಗೊತ್ತಿಲ್ಲ.

ಕಾರಣ ಇದು: ವೆಯ್ಟ್ ಹಬೆಯ ದಾರಿ ಮುಚ್ಚಿಕೊಂಡು ಕೂರುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಹೆಚ್ಚಾದಾಗ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರಕ್ಕೆ ಕಾಯುತ್ತದೆ. ಬೇಳೆ ಬೇಯುವುದು ಆ ಬಿಸಿಗೆ. ಒತ್ತಡ ಮೀರಿದಾಗ ಹಬೆ ವೆಯ್ಟನ್ನು ಎತ್ತಿ ಹೊರಬರುತ್ತದೆ, ಕುಕ್ಕರ್ ಕೂಗುತ್ತದೆ. ಉರಿ ಜೋರಿಟ್ಟರೆ ಬೇಗ ಬೇಯುತ್ತದೆ ಎಂದು ಬರೆದಿದ್ದರೆ ಅದಕ್ಕೂ ಗೆರೆ ಎಳೆಯಿರಿ: ಕೂಗು ಬಂದ ಮೇಲೆ ಒಳಗಿನ ಬಿಸಿ ಏರುವುದಿಲ್ಲ, ಗ್ಯಾಸ್ ಮತ್ತು ನೀರು ಖರ್ಚಾಗುತ್ತದೆ ಅಷ್ಟೇ.

ಈಗ ಮತ್ತೆ ಅಂಕ ಹಾಕಿ. ಎರಡು ಅಂಕಗಳ ನಡುವಿನ ಅಂತರಕ್ಕೆ ನಾಚಿಕೊಳ್ಳಬೇಕಿಲ್ಲ. ಏನು ಕೇಳಬೇಕೆಂದು ಗೊತ್ತಾಗುವುದೇ ಅದರಿಂದ.

ಯಾರನ್ನು ಕೇಳಬೇಕು? 120 ಡಿಗ್ರಿಯ ಲೆಕ್ಕಕ್ಕೆ ಭೌತಶಾಸ್ತ್ರ ಓದಿದವರು ಸರಿ. ಹಬೆ ಸೋರುತ್ತಿರುವುದು ಗ್ಯಾಸ್ಕೆಟ್ ಸಡಿಲಾಗಿಯೋ ಅಂಚು ಬಗ್ಗಿಯೋ ಎಂದು ಬೆರಳಾಡಿಸಿ ಹೇಳುವವರು ಕುಕ್ಕರ್ ರಿಪೇರಿಯವರು. ಅಲ್ಲಿ ಡಿಗ್ರಿ ಪಡೆದವರು ಶಿಷ್ಯರಾಗಲೇಬೇಕು.

ಬರೀ “ಗೊತ್ತಿಲ್ಲ” ಅನ್ನಬೇಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. “ಯಾಕೆ ಕೂಗುತ್ತೆ ಅಂತ ಗೊತ್ತು ಅಣ್ಣಾ, ಸೇಫ್ಟಿ ವಾಲ್ವ್ ಯಾವಾಗ ಹೋಗುತ್ತೆ ಅಂತ ಗೊತ್ತಿಲ್ಲ” ಅನ್ನಿ. ನೀರು ಬತ್ತಿ ತಳ ಕಾದಾಗ ವಾಲ್ವ್‌ನೊಳಗಿನ ಲೋಹ ಕರಗಿ ಹಬೆಗೆ ದಾರಿ ಬಿಡುತ್ತದೆ ಎಂಬ ಉತ್ತರ ಬಂದಾಗ “ಹೌದು ಹೌದು” ಎಂದು ತಲೆಯಾಡಿಸುವಲ್ಲೇ ಬಹಳ ಜನ ಎಡವುತ್ತಾರೆ. ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ, ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಎರಡು ದಿನ ಬಿಟ್ಟು ಅದೇ ಹಾಳೆಯ ಹಿಂಬದಿಯಲ್ಲಿ, ಮುಂಬದಿ ನೋಡದೆ, ಇನ್ನೊಮ್ಮೆ ಬರೆಯಿರಿ.