ಕೈಯಿಂದ ಹಾಕಿದರೆ ಬರುವ ಆಫೀಸ್, ಸರ್ವರ್‌ನಿಂದ ತಳ್ಳಿದರೆ ಯಾಕೆ ಬರುವುದಿಲ್ಲ?

ಡೊಮೇನ್‌ನಲ್ಲಿರುವ, ಅಂದರೆ ಕಚೇರಿಯ ಸರ್ವರ್ ಒಂದೇ ಕಡೆಯಿಂದ ನಿಯಂತ್ರಿಸುವ ಯಂತ್ರಗಳಿಗೆ ಮೈಕ್ರೋಸಾಫ್ಟ್ 365 ಹಾಕಲು ನಾನು ಬಳಸುವುದು ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್. ಅದರಲ್ಲಿ ಬೇಕಾದದ್ದು ಎರಡೇ: ಒಂದು ಸೆಟಪ್, ಏನೇನು ಹಾಕಬೇಕೆಂದು ಬರೆದಿಟ್ಟ ಒಂದು ಎಕ್ಸ್‌ಎಂಎಲ್ ಫೈಲು. ಮೊದಲು ‘ಡೌನ್‌ಲೋಡ್’ ಕೊಟ್ಟು ಎಲ್ಲವನ್ನೂ ಸರ್ವರ್‌ನ ಶೇರ್‌ಗೆ (ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರಿಗೆ) ಇಳಿಸಿಕೊಳ್ಳುತ್ತೇನೆ, ಆಮೇಲೆ ಯಂತ್ರಗಳಲ್ಲಿ ‘ಕಾನ್ಫಿಗರ್’ ಕೊಟ್ಟು ಹಾಕುತ್ತೇನೆ. ನೇರ ಇಂಟರ್ನೆಟ್ಟಿನಿಂದ ಎಳೆಯಲು ಬಿಟ್ಟರೆ, ಯಂತ್ರಕ್ಕೆ ಎರಡೂವರೆ ಜಿಬಿ ಎಂದಿಟ್ಟುಕೊಂಡರೂ 40 ಯಂತ್ರಕ್ಕೆ 100 ಜಿಬಿ. 100 ಎಂಬಿಪಿಎಸ್ ಲೈನಾದರೆ ಎರಡು ಗಂಟೆಗೂ ಹೆಚ್ಚು ಹೊತ್ತು ಬೇರೆಯವರ ಕೆಲಸಕ್ಕೆ ಕಲ್ಲು ಬಿದ್ದ ಹಾಗೆ.

ಯಂತ್ರ ಶುರುವಾಗುವಾಗ ಓಡುವ ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ ಹಾಕುವುದನ್ನು ಬಿಟ್ಟಿದ್ದೇನೆ. ಗ್ರೂಪ್ ಪಾಲಿಸಿ (ಡೊಮೇನ್‌ನ ಯಂತ್ರಗಳಿಗೆ ಒಂದೇ ಕಡೆಯಿಂದ ಕೊಡುವ ನಿಯಮ) ಸ್ಕ್ರಿಪ್ಟಿಗೆ ನಾವು ಬದಲಿಸದಿದ್ದರೆ ಇರುವ ಗಡುವು 600 ಸೆಕೆಂಡ್. ನಿಧಾನದ ಡಿಸ್ಕಿನಲ್ಲಿ ಅಷ್ಟರೊಳಗೆ ಮುಗಿಯುವುದಿಲ್ಲ. ಅದೇ ಪಾಲಿಸಿಯಿಂದ ನಿಗದಿತ ಹೊತ್ತಿಗೆ ತಾನೇ ಓಡುವ ಶೆಡ್ಯೂಲ್ಡ್ ಟಾಸ್ಕ್ ಇಳಿಸಿ, ಸಂಜೆ ಹೊತ್ತಿಗೆ ವಿಂಡೋಸ್‌ನ ಸ್ವಂತದ ಸಿಸ್ಟಮ್ ಖಾತೆಯಲ್ಲಿ ಓಡಿಸುತ್ತೇನೆ.

ತೊಂದರೆಯ ಬೇರು ಇರುವುದೂ ಈ ಸಿಸ್ಟಮ್ ಖಾತೆಯಲ್ಲೇ. ನೀವು ಕುಳಿತು ಹಾಕುವಾಗ ಅನುಮತಿ ನಿಮ್ಮದು. ಟಾಸ್ಕ್ ಓಡುವಾಗ ಶೇರ್‌ನ ಬಾಗಿಲು ತಟ್ಟುವುದು ಆ ಕಂಪ್ಯೂಟರಿನ ಖಾತೆ. ಆದ್ದರಿಂದ ‘ಡೊಮೇನ್ ಕಂಪ್ಯೂಟರ್ಸ್’ ಗುಂಪಿಗೆ ಶೇರ್‌ನಲ್ಲೂ ಫೋಲ್ಡರ್‌ನಲ್ಲೂ ಓದುವ ಅನುಮತಿ ಬೇಕು, ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಕೆಟ್ಟಿತು. ನೀವು ಮ್ಯಾಪ್ ಮಾಡಿಕೊಂಡ ಝಡ್ ಡ್ರೈವ್ ಆ ಖಾತೆಗೆ ಕಾಣುವುದೇ ಇಲ್ಲ. ಸರ್ವರ್ ಹೆಸರಿನಿಂದ ಶುರುವಾಗುವ ಪೂರ್ತಿ ದಾರಿಯನ್ನೇ ಬರೆಯಿರಿ. ನಡೆದದ್ದು ದಾಖಲಾಗುವ ಲಾಗ್ ಕೂಡ ನಿಮ್ಮ ಟೆಂಪ್ (ತಾತ್ಕಾಲಿಕ) ಫೋಲ್ಡರಿನಲ್ಲಿ ಹುಡುಕಿದರೆ ಸಿಗದು, ವಿಂಡೋಸ್ ಫೋಲ್ಡರಿನೊಳಗಿನ ಟೆಂಪ್‌ನಲ್ಲಿ ಯಂತ್ರದ ಹೆಸರು ಮತ್ತು ತಾರೀಖು ಹೊತ್ತು ಕುಳಿತಿರುತ್ತದೆ. ಪರೀಕ್ಷೆಗೆ ಪಿಎಸ್‌ಎಕ್ಸೆಕ್ ಎಂಬ ಮೈಕ್ರೋಸಾಫ್ಟ್ ಉಪಕರಣದಿಂದ ಸಿಸ್ಟಮ್ ಖಾತೆಯಲ್ಲೇ ಕಮಾಂಡ್ ಕಿಟಕಿ ತೆರೆದು ಅದೇ ಸಾಲನ್ನು ಓಡಿಸಿ. ಆಗ ಮಾತ್ರ ಎಕ್ಸ್‌ಎಂಎಲ್‌ನ ಡಿಸ್‌ಪ್ಲೇ ಲೆವೆಲ್ಲನ್ನು (ತೆರೆಯಲ್ಲಿ ಎಷ್ಟು ತೋರಿಸಬೇಕೆಂಬುದನ್ನು) ‘ನನ್’ ಬದಲು ‘ಫುಲ್’ ಮಾಡಿಕೊಳ್ಳಿ. ಇಲ್ಲವಾದರೆ ಎರರ್ ಬಂದರೂ ಕಣ್ಣಿಗೆ ಬೀಳುವುದಿಲ್ಲ.

17006 ಎಂಬ ಕೋಡ್ ಬಂದರೆ ಯಾರೋ ವರ್ಡ್ ಅಥವಾ ಔಟ್‌ಲುಕ್ ತೆರೆದಿಟ್ಟು ಮನೆಗೆ ಹೋಗಿದ್ದಾರೆ ಎಂದರ್ಥ. ಆ್ಯಪ್‌ಗಳನ್ನು ಬಲವಂತವಾಗಿ ಮುಚ್ಚಿಸುವ ಆಯ್ಕೆ ಇದೆ, ಆದರೆ ಸೇವ್ ಮಾಡದ ಕಡತವೂ ಅದರ ಜೊತೆಗೇ ಹೋಗುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ, ಮರುದಿನ ಸಂಜೆ ಟಾಸ್ಕ್ ಮತ್ತೆ ಓಡಲಿ ಎಂದು ಬಿಡುತ್ತೇನೆ.

ಎಂಎಸ್‌ಐ ಎಂಬ ಹಳೆಯ ಬಗೆಯ ಇನ್‌ಸ್ಟಾಲರಿನಿಂದ ಹಾಕಿದ ಆಫೀಸ್ ಇದ್ದಲ್ಲಿ ಎಕ್ಸ್‌ಎಂಎಲ್‌ನಲ್ಲಿ ‘ರಿಮೂವ್ ಎಂಎಸ್‌ಐ’ ಸಾಲು ಸೇರಿಸಬೇಕು. ಅದು ವಿಸಿಯೊ, ಪ್ರಾಜೆಕ್ಟ್‌ಗಳನ್ನೂ ಕಿತ್ತುಹಾಕುತ್ತದೆ; ಉಳಿಸಬೇಕಾದದ್ದನ್ನು ಅದರೊಳಗೇ ‘ಇಗ್ನೋರ್ ಪ್ರಾಡಕ್ಟ್’ ಎಂದು ಬರೆಯಿರಿ. 32 ಬಿಟ್‌ನಿಂದ 64ಕ್ಕೆ ಹೋಗುವುದಾದರೆ ‘ಮೈಗ್ರೇಟ್ ಆರ್ಚ್’ ಎಂಬ ಆಯ್ಕೆ ಇದೆ. ಹೋಗುವ ಮುಂಚೆ ಲೆಕ್ಕ ವಿಭಾಗದವರ ಎಕ್ಸೆಲ್ ಮ್ಯಾಕ್ರೋ ನೋಡಿ: ‘ಡಿಕ್ಲೇರ್’ (ಹೊರಗಿನ ಫಂಕ್ಷನ್‌ಗಳನ್ನು ಕರೆಸಿಕೊಳ್ಳುವ ಪದ) ಆದ ಮೇಲೆ ‘ಪಿಟಿಆರ್‌ಸೇಫ್’ ಎಂಬ ಪದ ಇಲ್ಲದ ಸಾಲು 64 ಬಿಟ್‌ನಲ್ಲಿ ಕಂಪೈಲ್ ಆಗುವುದಿಲ್ಲ.

ಕನ್ನಡ ಮೆನು ಬೇಕಾದವರಿಗೆ ಕನ್ನಡದ ಜೊತೆ ಇಂಗ್ಲಿಷನ್ನೂ ಭಾಷೆಯಾಗಿ ಸೇರಿಸಲೇಬೇಕು, ಯಾಕೆಂದರೆ ಕನ್ನಡದ್ದು ಭಾಗಶಃ ಅನುವಾದದ ಪ್ಯಾಕ್. ಡೌನ್‌ಲೋಡ್ ಮಾಡುವಾಗಲೂ ಅದೇ ಎಕ್ಸ್‌ಎಂಎಲ್ ಇರಲಿ, ಇಲ್ಲದಿದ್ದರೆ ಶೇರ್‌ನಲ್ಲಿ ಕನ್ನಡದ ಫೈಲುಗಳೇ ಇರುವುದಿಲ್ಲ. ಹಳೆಯ ನುಡಿ ಫಾಂಟಿನ ಕಡತಗಳು ಬೇರೆ ಕಥೆ: ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೋನ್ ಬರುವುದು ಆಫೀಸ್ ಕೆಟ್ಟಿದೆ ಎಂದೇ. ಫಾಂಟುಗಳನ್ನು ಅದೇ ಟಾಸ್ಕಿನಲ್ಲಿ ಕಳಿಸಿಬಿಡುತ್ತೇನೆ.