'ಬಾರದು' ಬೇರೆ, 'ಬೇಕಾಗಿಲ್ಲ' ಬೇರೆ

ಇಂಗ್ಲಿಷ್ ಕಲಿಯುತ್ತಿರುವವರಿಗೆ ಒಂದು ಸಲಹೆ. 'ಯು ಮಸ್ಟ್ ಗೋ', 'ಯು ಹ್ಯಾವ್ ಟು ಗೋ' ಎರಡೂ ಹೆಚ್ಚುಕಮ್ಮಿ 'ನೀವು ಹೋಗಲೇಬೇಕು' ಅಂತಲೇ. ಅಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತೊಂದರೆ ಬರುವುದು 'ನಾಟ್' ಸೇರಿದಾಗ.

'ಯು ಮಸ್ಟ್ ನಾಟ್ ಗೋ' ಅಂದರೆ ಹೋಗಲೇಬಾರದು. 'ಯು ಡೋಂಟ್ ಹ್ಯಾವ್ ಟು ಗೋ' ಅಂದರೆ ಹೋಗಬೇಕಾಗಿಲ್ಲ, ಹೋದರೂ ತಪ್ಪಿಲ್ಲ. ಇವು ಅದಲುಬದಲಾದರೆ ಅರ್ಥವೇ ಕೆಡುತ್ತದೆ. ಹೇಳುವ ಮೊದಲು ಮನಸ್ಸಿನಲ್ಲೇ ಕೇಳಿಕೊಳ್ಳಿ: ನನಗೆ ಬೇಕಿರುವುದು 'ಬಾರದು' ಎಂಬುದಾ, 'ಬೇಕಾಗಿಲ್ಲ' ಎಂಬುದಾ? ನಮ್ಮ ಕನ್ನಡವೇ ಇಲ್ಲಿ ದಾರಿ ತೋರಿಸುತ್ತದೆ ಅಲ್ವಾ!

'ಶುಡ್' ಇಷ್ಟು ಗಟ್ಟಿಯಲ್ಲ, 'ಹೋದರೆ ಒಳ್ಳೆಯದು' ಅಂದ ಹಾಗೆ. 'ನಿನ್ನೆ ಹೋಗಬೇಕಾಯಿತು' ಅನ್ನಲು ಮಾತ್ರ 'ಮಸ್ಟ್' ಬೇಡ, 'ಐ ಹ್ಯಾಡ್ ಟು ಗೋ' ಅನ್ನಿ.