ಮೈಸೂರಿನ ಚಳಿಗೆ ಎಷ್ಟು ಉಲ್ಲನ್ ಬೇಕು?

ಸ್ವೆಟರ್ ಹೆಣೆಯುತ್ತೇನೆ ಅಂದ ತಕ್ಷಣ ಮೈಸೂರಿನಲ್ಲಿ ಎಲ್ಲರೂ ಕೇಳುವುದು ಒಂದೇ. ‘ಇಲ್ಲಿ ಅಷ್ಟೊಂದು ಚಳಿ ಎಲ್ಲಿದೆ?’

ಕೇಳುವುದರಲ್ಲಿ ತಪ್ಪಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 16-17 ಡಿಗ್ರಿಗೆ ಇಳಿಯುತ್ತದೆ. ಹನ್ನೊಂದು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಬರುವವರ ಮೈಮೇಲೆ ಎರಡು ತಿಂಗಳು ಸ್ವೆಟರ್, ಮಫ್ಲರ್ ಕಾಣುತ್ತವೆ. ಆಮೇಲೆ ಎಲ್ಲವೂ ಬೀರು ಸೇರುತ್ತವೆ. ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಬರುವ ನಮೂನೆಗಳು ಬಹುತೇಕ ಹಿಮ ಬೀಳುವ ಊರುಗಳವು. ಅವನ್ನು ಹಾಗೇ ಹೆಣೆದರೆ ಇಲ್ಲಿ ಯಾರೂ ತೊಡುವುದಿಲ್ಲ. ವರ್ಷಾನುಗಟ್ಟಲೆ ಹೆಣೆದ ಮೇಲೆ ನನ್ನ ಹೆಣಿಗೆ ಈ ಊರಿಗೆ, ಇಲ್ಲಿನ ಜನ ಉಡುವ ಬಟ್ಟೆಗೆ ಹೊಂದಿಕೊಂಡಿದೆ. ಅದು ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಕಲಿಸಿದ್ದು ಸೋದರತ್ತೆ. ಅವರ ಹತ್ತಿರ ಇದ್ದದ್ದು ಬೂದು ಬಣ್ಣದ ಅಲ್ಯೂಮಿನಿಯಂ ಕಡ್ಡಿಗಳು. ಎಂಟನೇ ನಂಬರ್, ಹತ್ತನೇ ನಂಬರ್ ಅಂತಲೇ ಅವರ ಮಾತು. ಅದು ಹಳೆಯ ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ., 10 ಅಂದರೆ 3.25, 12 ಅಂದರೆ 2.75. ಅಮೆರಿಕದವರ ಲೆಕ್ಕ ಇದಕ್ಕೆ ಉಲ್ಟಾ, ಅಲ್ಲಿ 8 ಅಂದರೆ 5 ಮಿ.ಮೀ. ಹಾಗಾಗಿ ನಾನು ನಂಬರ್ ಬಿಟ್ಟು ಪ್ಯಾಕೆಟ್ ಮೇಲಿನ ಮಿ.ಮೀ. ನೋಡಿಯೇ ಕೊಳ್ಳುತ್ತೇನೆ.

‘ನೇರ, ಉಲ್ಟಾ, ಇಷ್ಟೇ ಕಣೇ. ಮಿಕ್ಕಿದ್ದೆಲ್ಲ ಎಣಿಕೆ’ ಅಂತ ಅತ್ತೆ ಹೇಳುತ್ತಿದ್ದರು. ಅದು ನಿಜ. ನೇರ ಕುಣಿಕೆಯನ್ನು ಹಿಂದಿನಿಂದ ನೋಡಿದರೆ ಅದೇ ಉಲ್ಟಾ ಕುಣಿಕೆ. ಎಲ್ಲಾ ಸಾಲೂ ನೇರ ಹಾಕಿದರೆ ಬಟ್ಟೆ ದಪ್ಪಗೆ, ಸಮವಾಗಿ ಮಲಗುತ್ತದೆ. ಒಂದು ಸಾಲು ನೇರ, ಒಂದು ಸಾಲು ಉಲ್ಟಾ ಹಾಕಿದರೆ ಮುಂದೆ ನುಣುಪಾಗಿ ಬರುತ್ತದೆ, ಆದರೆ ಅಂಚು ಸುರುಳಿ ಸುತ್ತುತ್ತದೆ. ಅದಕ್ಕೇ ಸ್ವೆಟರಿನ ಕೆಳಗೆ, ತೋಳಿನ ತುದಿಗೆ ಎರಡನ್ನೂ ಬೆರೆಸಿ ಹಿಗ್ಗುವ ಬಾರ್ಡರ್ ಹಾಕುವುದು. ಇಷ್ಟು ಗೊತ್ತಾದರೆ ಯಾವ ಸ್ವೆಟರನ್ನಾದರೂ ನೋಡಿ ಹೇಗೆ ಕಟ್ಟಿದ್ದಾರೆ ಅಂತ ಓದಬಹುದು. ಆ ಓದುವ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ದಾರದ ವಿಷಯ ಅಷ್ಟು ಸುಲಭವಲ್ಲ. ಶಿವರಾಂಪೇಟೆ, ದೇವರಾಜ ಅರಸು ರಸ್ತೆ ಕಡೆ ದಾರ, ಗುಂಡಿ, ಲೇಸ್ ಮಾರುವ ಅಂಗಡಿಗಳಲ್ಲಿ ಉಲ್ಲನ್ ಕೇಳಿದರೆ ಕೊಡುವುದು ಹೆಚ್ಚಾಗಿ ಅಕ್ರಿಲಿಕ್, ಅಂದರೆ ಕೃತಕ ದಾರ. ಬಹುಪಾಲು ಲುಧಿಯಾನದಿಂದ ಬಂದ ಮಾಲು. ಅಕ್ರಿಲಿಕ್ ಕೆಟ್ಟದ್ದೇನಲ್ಲ. ಬೆಲೆ ಕಡಿಮೆ, ವಾಷಿಂಗ್ ಮೆಷಿನ್ನಿಗೆ ಹಾಕಬಹುದು, ನುಸಿ ತಿನ್ನುವುದಿಲ್ಲ. ಆದರೆ ಬೆವರು ಹೀರುವುದಿಲ್ಲ. ನಮ್ಮ ಹವೆಯಲ್ಲಿ ಬಿಸಿಲೇರಿದ ಮೇಲೆ ಮೈ ಅಂಟಂಟಾಗುತ್ತದೆ. ಕೆಲವು ಸಲ ತೊಟ್ಟ ಮೇಲೆ ಕಂಕುಳಲ್ಲಿ ಸಣ್ಣ ಸಣ್ಣ ಗಂಟುಗಳೇಳುತ್ತವೆ. ನಿಜವಾದ ಉಣ್ಣೆ ಬೆವರನ್ನು ಒಳಗೆಳೆದುಕೊಳ್ಳುತ್ತದೆ, ಎಳೆದರೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಆದರೆ ಬಿಸಿನೀರಲ್ಲಿ ಹಾಕಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗುತ್ತವೆ. ದೊಡ್ಡವರ ಸ್ವೆಟರ್ ಮಗುವಿನದಾಗುತ್ತದೆ.

ಲೇಬಲ್ ಇಲ್ಲದ ಉಂಡೆ ಯಾವುದರದ್ದು ಅಂತ ತಿಳಿಯಲು ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡುತ್ತೇನೆ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಕಾಗದ ಸುಟ್ಟ ಹಾಗೆ ಉರಿದರೆ ಹತ್ತಿ. ಕರಗುವ ಗುಣ ಇರುವುದರಿಂದಲೇ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಅಕ್ರಿಲಿಕ್‌ನಲ್ಲಿ ಯಾವತ್ತೂ ಹೆಣೆಯಬಾರದು. ಅದಕ್ಕೆ ಹತ್ತಿಯೇ ಆಗಬೇಕು.

ನಮ್ಮ ಕಡೆಯದೇ ಉಣ್ಣೆ ಸಿಕ್ಕರೆ ಎಷ್ಟು ಚೆನ್ನ ಅಂತ ನನಗೆ ಬಹಳ ಆಸೆ ಇತ್ತು. ಮಂಡ್ಯದ ತಳಿ, ಬನ್ನೂರು ಕುರಿ ಅಂತ ಹೆಸರುವಾಸಿಯಾದದ್ದು ಇಲ್ಲೇ ಪಕ್ಕದಲ್ಲಿದೆ ಅಲ್ವಾ. ಆದರೆ ಅದರ ಹೆಸರು ಮಾಂಸಕ್ಕೆ. ಮೈಮೇಲಿನ ತುಪ್ಪಟ ಒರಟು, ಸ್ವೆಟರಿನ ದಾರಕ್ಕೆ ಒಗ್ಗುವಂಥದ್ದಲ್ಲ. ನಮ್ಮ ನಾಡಿನಲ್ಲಿ ಕುರುಬರು ಕುರಿ ತುಪ್ಪಟದಿಂದ ನೂತು ನೇಯುವ ಕಂಬಳಿ ಬೇರೆಯೇ ಸೊಗಸು. ಅದು ಮಳೆಗೆ, ನೆಲಕ್ಕೆ, ಪೂಜೆಗೆ. ಮಗುವಿನ ಕತ್ತಿಗೆ ತಾಗಿದರೆ ಚುಚ್ಚುತ್ತದೆ. ಹಾಗಾಗಿ ಒಳ್ಳೆ ಮೆರಿನೊ, ಅಂದರೆ ಮೆರಿನೊ ತಳಿ ಕುರಿಯ ನಯವಾದ ಉಣ್ಣೆ, ಬೇಕಾದಾಗ ಹೊರಗಿನಿಂದ ತರಿಸುತ್ತೇನೆ. ಅದರ ಬೆಲೆ ಅಕ್ರಿಲಿಕ್‌ಗೆ ಹೋಲಿಸಿದರೆ ಎಷ್ಟೋ ಪಾಲು ಜಾಸ್ತಿ. ಈ ಹವ್ಯಾಸದಲ್ಲಿ ಮನಸ್ಸಿಗೆ ನಿಜಕ್ಕೂ ಕಷ್ಟವಾಗುವ ಜಾಗ ಇದು. ತರಿಸುವಾಗ ಒಟ್ಟಿಗೇ ತರಿಸುತ್ತೇನೆ, ಲೇಬಲ್ ಮೇಲಿನ ಡೈ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ಎಲ್ಲದರಲ್ಲೂ ಒಂದೇ ಇರಬೇಕು. ಬಣ್ಣದ ಹೆಸರು ಒಂದೇ ಆದರೂ ಬೇರೆ ಲಾಟಿನದಾದರೆ ಎದೆ ಮೇಲೆ ಪಟ್ಟೆ ಕಾಣುತ್ತದೆ.

ಇನ್ನು ಅಳತೆ. ಡಬಲ್ ನಿಟ್ಟಿಂಗ್ ಅನ್ನುವ ಮಧ್ಯಮ ದಪ್ಪದ ಸಾಧಾರಣ ದಾರಕ್ಕೆ 4 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಅಂತ ಬರೆದಿರುತ್ತಾರೆ. ಸುತ್ತಳತೆ 90 ಸೆಂ.ಮೀ. ಬೇಕಾದರೆ 198 ಕುಣಿಕೆ. ನನ್ನ ಕೈ ಸ್ವಲ್ಪ ಬಿಗಿ. ಅದೇ ದಾರ, ಅದೇ ಕಡ್ಡಿಯಲ್ಲಿ 24 ಬರುತ್ತದೆ. ಆಗ ಅದೇ 198 ಕುಣಿಕೆಗೆ ಸಿಗುವುದು 82.5 ಸೆಂ.ಮೀ. ಅಷ್ಟೇ. ತೊಡುವವರಿಗೆ ಗುಂಡಿ ಹಾಕಲಾಗುವುದಿಲ್ಲ. ಹಾಗಾಗಿ ಮೊದಲು ಅಂಗೈಗಿಂತ ದೊಡ್ಡದಾದ ಒಂದು ತುಂಡು ಹೆಣೆದು, ಒಗೆದು, ಒಣಗಿಸಿ, ನಡುವೆ ಸ್ಕೇಲ್ ಇಟ್ಟು ಎಣಿಸುತ್ತೇನೆ. 24 ಬಂದರೆ ಕಡ್ಡಿ ದೊಡ್ಡದು ಮಾಡುತ್ತೇನೆ, ಇಲ್ಲವೇ ಕುಣಿಕೆ ಸೇರಿಸಿ 216 ಮಾಡುತ್ತೇನೆ. ಒಗೆಯುವುದನ್ನು ಬಿಡಬಾರದು. ಹತ್ತಿಯ ತುಂಡಂತೂ ಒಗೆದ ಮೇಲೆ ಬೇರೆಯೇ ಆಗಿರುತ್ತದೆ.

ಈಗ ನನಗೆ ತುಂಬಾ ಪ್ರೀತಿಯ ಎರಡು ಕೆಲಸ. ಒಂದು ಕುಲಾವಿ. ನಮ್ಮಲ್ಲಿ ಬಾಣಂತನದ ಮನೆಯಲ್ಲಿ ಬೇಸಿಗೆಯಾದರೂ ಮಗುವಿನ ತಲೆಗೆ ಕುಲಾವಿ ಇದ್ದೇ ಇರುತ್ತದೆ. ಚಳಿ ಎಲ್ಲಿದೆ ಅಂತ ಕೇಳಿದವರೇ ಮೊಮ್ಮಗು ಬಂದಾಗ ಬಾಗಿಲಿಗೆ ಬರುತ್ತಾರೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆ ಸುತ್ತಳತೆ ಸುಮಾರು 35 ಸೆಂ.ಮೀ. ಕುಲಾವಿ ಅದಕ್ಕಿಂತ ಸ್ವಲ್ಪ ಚಿಕ್ಕದಿದ್ದರೆ ಜಾರುವುದಿಲ್ಲ. ಡಬಲ್ ನಿಟ್ಟಿಂಗ್ ದಾರದಲ್ಲಿ 70 ಕುಣಿಕೆ ಸಾಕು, ದಾರ 25-30 ಗ್ರಾಂ ಹಿಡಿಯುತ್ತದೆ. ಒಂದು ನೇರ ಒಂದು ಉಲ್ಟಾ ಬಾರ್ಡರ್ ಹಾಕಿ, ಮೇಲೆ ನುಣುಪಾಗಿ ಹೆಣೆದು, ತುದಿಯಲ್ಲಿ ಎರಡೆರಡು ಕುಣಿಕೆ ಸೇರಿಸುತ್ತಾ ಮುಚ್ಚಿದರೆ ಆಯಿತು. ತೂತು ತೂತಿನ ಡಿಸೈನ್ ನೋಡಲು ಚೆಂದ, ಆದರೆ ಎಳೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಕಾಲುಚೀಲಕ್ಕೂ ಇದೇ ಮಾತು. ಗಲ್ಲದ ಕೆಳಗೆ ಕಟ್ಟುವ ಉದ್ದನೆಯ ದಾರವನ್ನು ನಾನು ಹಾಕುವುದೇ ಇಲ್ಲ, ಕತ್ತಿಗೆ ಸುತ್ತಿಕೊಳ್ಳುವ ಭಯ. ಮಗು ಬೆವರಿದರೆ ತೆಗೆಯಿರಿ ಅಂತ ಕೊಡುವಾಗಲೇ ಹೇಳುತ್ತೇನೆ. ಅಜ್ಜಿಯರು ಒಪ್ಪುವುದು ಕಷ್ಟ, ಆದರೂ ಹೇಳುತ್ತೇನೆ.

ಇನ್ನೊಂದು, ಸೀರೆ ಮೇಲೆ ತೊಡುವ ಸ್ವೆಟರ್. ಇದಕ್ಕೆ ವಿದೇಶದ ಯಾವ ನಮೂನೆಯೂ ಪೂರ್ತಿ ಹೊಂದುವುದಿಲ್ಲ. ಎಪ್ಪತ್ತು ದಾಟಿದ ಹೆಂಗಸರಿಗೆ ಕೈ ಮೇಲೆತ್ತಿ ತಲೆ ಮೇಲಿಂದ ಹಾಕಿಕೊಳ್ಳುವುದು ಕಷ್ಟ, ಹಾಗಾಗಿ ಮುಂದೆ ತೆರೆದಿರಬೇಕು. ಎಡ ಹೆಗಲ ಮೇಲೆ ಸೆರಗಿನ ಮಡಿಕೆಗಳು ಕೂರುತ್ತವೆ, ಆದ್ದರಿಂದ ಕಂಕುಳ ಸುತ್ತು ಎರಡು ಮೂರು ಸೆಂ.ಮೀ. ಆಳ ಬೇಕು. ಉದ್ದ ಸೊಂಟಕ್ಕೇ ನಿಲ್ಲಬೇಕು, ಕೆಳಗಿಳಿದರೆ ನೆರಿಗೆ ಮೇಲೆ ಉಬ್ಬುತ್ತದೆ. ಗುಂಡಿ ದೊಡ್ಡದಿರಬೇಕು, ಏಕೆಂದರೆ ಬೆರಳ ಗಂಟು ನೋಯುವವರಿಗೆ ಸಣ್ಣ ಗುಂಡಿ ಹಿಡಿಯಲಾಗದು. ತೋಳು ಬೇಡ, ಅಡುಗೆ ಮನೆಯಲ್ಲಿ ತೋಳು ಒದ್ದೆಯಾಗುತ್ತದೆ. ಪಕ್ಕದ ಮನೆಯ ಅಜ್ಜಿಗೆ ಹೀಗೊಂದನ್ನು ಹೆಣೆದು ಕೊಟ್ಟಾಗ ಅವರು ಮೊದಲು ಮುಟ್ಟಿ ನೋಡಿದ್ದು ಜೇಬನ್ನು. ‘ಕರವಸ್ತ್ರಕ್ಕೆ ಜಾಗ ಇಟ್ಟಿದ್ದೀಯಲ್ಲೇ’ ಅಂದರು. ಅಂದಿನಿಂದ ಜೇಬಿಲ್ಲದೆ ನಾನು ಯಾರಿಗೂ ಹೆಣೆದಿಲ್ಲ.

ಎಲ್ಲಾ ಉಡುಗೊರೆಗೂ ಹೀಗಾಗುವುದಿಲ್ಲ. ತಿಂಗಳುಗಟ್ಟಲೆ ಹೆಣೆದು ಕೊಟ್ಟದ್ದು ಪ್ಲಾಸ್ಟಿಕ್ ಕವರಿನಲ್ಲೇ ಉಳಿದಿರುವುದನ್ನು ಕಂಡಿದ್ದೇನೆ. ಬೇಜಾರಾಗುತ್ತದೆ, ಇಲ್ಲ ಅನ್ನುವುದಿಲ್ಲ. ಈಗ ಹೆಣೆಯುವ ಮೊದಲೇ ಬಣ್ಣ ತೋರಿಸಿ, ಅವರೇ ದಿನಾ ತೊಡುವ ಒಂದು ಅಂಗಿ ಇಸ್ಕೊಂಡು ಅಳತೆ ತೆಗೆಯುತ್ತೇನೆ. ಗುಟ್ಟಾಗಿ ಹೆಣೆದು ಕೊಡುವುದನ್ನು ಬಿಟ್ಟಿದ್ದೇನೆ.

ಕೈ ನೋವಿನ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಹೆಬ್ಬೆರಳ ಬುಡ, ಮಣಿಕಟ್ಟು, ಹೆಗಲು ಮೂರೂ ಹಿಡಿಯುತ್ತವೆ. ಉದ್ದ ಕಡ್ಡಿಯಲ್ಲಿ ಸ್ವೆಟರಿನ ಪೂರ್ತಿ ಭಾರ ಕೈ ಮೇಲೆ ಬೀಳುವುದೇ ಇದಕ್ಕೆ ದೊಡ್ಡ ಕಾರಣ. ಎರಡು ಗಿಡ್ಡ ಕಡ್ಡಿಗಳನ್ನು ಕೇಬಲ್ಲಿನಿಂದ ಜೋಡಿಸಿದ ಸರ್ಕ್ಯುಲರ್ ಕಡ್ಡಿಗೆ ಬದಲಾದ ಮೇಲೆ ಭಾರವೆಲ್ಲ ಮಡಿಲಲ್ಲಿ ಕೂರುತ್ತದೆ. ನನ್ನ ಮಣಿಕಟ್ಟು ಉಳಿದದ್ದು ಅದರಿಂದ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಬಿಡಿಸುತ್ತೇನೆ. ಹತ್ತಿ ದಾರ ಹಿಗ್ಗುವುದಿಲ್ಲ, ಬೆರಳಿಗೆ ಜಾಸ್ತಿ ಆಯಾಸ, ಅದನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಣೆಯುವುದು ಒಳ್ಳೆಯದು.

ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಹೆಣಿಗೆ ತುಂಬಾ ಚೆನ್ನಾಗಿ ಸಾಗುತ್ತದೆ. ಸರ್ಕ್ಯುಲರ್ ಕಡ್ಡಿಯಾದರೆ ಪಕ್ಕದವರ ಮೊಣಕೈಗೆ ತಾಗುವುದಿಲ್ಲ. ಪಾಂಡವಪುರ ದಾಟುವಷ್ಟರಲ್ಲಿ ಯಾರಾದರೂ ಒಬ್ಬರು ‘ನಮ್ಮಮ್ಮನೂ ಹಾಕ್ತಿದ್ರು’ ಅಂತ ಮಾತು ತೆಗೆಯುತ್ತಾರೆ. ಮದ್ದೂರಿನಲ್ಲಿ ವಡೆ ಬಂದಾಗ ಎಲ್ಲವೂ ಚೀಲದೊಳಕ್ಕೆ, ಎಣ್ಣೆ ಕೈ ದಾರಕ್ಕೆ ತಾಗಬಾರದು.

ಬಿಚ್ಚುವುದರ ಬಗ್ಗೆಯೂ ಹೇಳಬೇಕು. ಮೈಸೂರು ರೇಷ್ಮೆಯ ಊರು, ಇಲ್ಲಿನ ರೇಷ್ಮೆ ಕಾರ್ಖಾನೆ 1912ರಲ್ಲಿ ಶುರುವಾದದ್ದು, ನೇಯ್ಗೆ ಎಲ್ಲರಿಗೂ ಪರಿಚಯ. ನೇಯ್ಗೆಯಲ್ಲಿ ಹಾಸು ಹೊಕ್ಕು ಎರಡು ಇರುತ್ತವೆ, ಕತ್ತರಿಸಿದ ಸೀರೆ ಮತ್ತೆ ಉದ್ದನೆಯ ದಾರವಾಗುವುದಿಲ್ಲ. ಹೆಣಿಗೆ ಒಂದೇ ದಾರದ ಕುಣಿಕೆಗಳ ಸಾಲು. ತುದಿ ಹಿಡಿದು ಎಳೆದರೆ ಪೂರ್ತಿ ವಾಪಸ್ ಬರುತ್ತದೆ. ಬೆಳೆದ ಮಗುವಿನ ಸ್ವೆಟರ್ ಬಿಚ್ಚಿ ಅದರ ತಂಗಿಗೆ ಹೆಣೆದಿದ್ದೇನೆ. ಬಿಚ್ಚಿದ ದಾರ ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಲ್ಲಿ ನೆನೆಸಿ, ಹಿಂಡದೆ ನೇತುಹಾಕಿದರೆ ನೇರವಾಗುತ್ತದೆ. ಉದ್ದೇಶಪೂರ್ವಕವಾಗಿ ಬಿಚ್ಚುವ ಸಾಧ್ಯತೆ ಇರುವುದರಿಂದ ಅಂಚುಗಳನ್ನು ಮೆಷಿನ್ನಲ್ಲಿ ಹೊಲಿಸಬೇಡಿ, ಅದೇ ದಾರದಿಂದ ಕೈಯಲ್ಲೇ ಜೋಡಿಸಿ.

ಬೆಲೆಯ ಮಾತು ಬಂದಾಗ ಲೆಕ್ಕ ಹೇಳಿಬಿಡುತ್ತೇನೆ. 198 ಕುಣಿಕೆ, 60 ಸೆಂ.ಮೀ. ಉದ್ದಕ್ಕೆ ಸುಮಾರು 168 ಸಾಲು. ಕಂಕುಳು, ಕತ್ತು ಕಳೆದರೂ ತೋಳಿಲ್ಲದ ಒಂದು ಸ್ವೆಟರಿಗೆ 30 ಸಾವಿರದ ಹತ್ತಿರ ಕುಣಿಕೆ. ಇದಕ್ಕೆ ಕೂಲಿ ಕಟ್ಟಿದರೆ ಯಾರೂ ಕೊಳ್ಳಲಾರರು. ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ ಅನ್ನುವುದು ನಿಜವೇ. ನಾನು ದುಡ್ಡಿಗೆ ಹೆಣೆಯುವುದಿಲ್ಲ. ದಾರ ತಂದುಕೊಟ್ಟರೆ ಕುಲಾವಿ ಹೆಣೆದು ಕೊಡುತ್ತೇನೆ, ಕಲಿಯುತ್ತೇನೆ ಅಂದರೆ ಇನ್ನೂ ಸಂತೋಷ.

ಕಲಿಯಲು ಬರುವವರಿಗೆ ಹೇಳುವುದಿಷ್ಟು. 4 ಮಿ.ಮೀ. ಬಿದಿರಿನ ಕಡ್ಡಿ ತನ್ನಿ, ಅಲ್ಯೂಮಿನಿಯಂನಲ್ಲಿ ಕುಣಿಕೆ ಬೇಗ ಜಾರುತ್ತದೆ. ಡಬಲ್ ನಿಟ್ಟಿಂಗ್ ದಪ್ಪದ ಅಕ್ರಿಲಿಕ್ ಒಂದು ಉಂಡೆ ಸಾಕು. ತಿಳಿ ಬಣ್ಣದ್ದೇ ಇರಲಿ, ಕಪ್ಪಿನಲ್ಲಿ ಕುಣಿಕೆ ಕಾಣುವುದಿಲ್ಲ. ಮೊದಲು ಎಲ್ಲಾ ಸಾಲೂ ನೇರ ಹಾಕಿ ಗೇಣಗಲದ ಒಂದು ತುಂಡು, ಆಮೇಲೆ ಬಾರ್ಡರ್, ಆಮೇಲೆ ಕುಲಾವಿ. ಕುಲಾವಿ ಯಾವ ಮನೆಗೆ ಅಂತ ಯೋಚಿಸುವುದೇ ಬೇಡ, ಬೀದಿಯಲ್ಲಿ ಯಾರಾದರೂ ಬಾಣಂತಿ ಇದ್ದೇ ಇರುತ್ತಾರೆ.